ಸೆರಗಿನ ಗಂಟಿನಲ್ಲಿ ಪಾದರಸ

ಬಂಗಾರಪೇಟೆ

ಯೂರೋಪಿಗೆ ಹೋಗಿ ನಾನು ನೋಡಿಬಂದದ್ದು ಒಂದು ಮುಚ್ಚಿದ ಗಣಿಯನ್ನು. ಆಂಡರ್ಸನ್‌ಪೇಟೆಯಲ್ಲಿ ನಮ್ಮಕ್ಕನ ಮನೆಯ ಮಹಡಿ ಹತ್ತಿದರೆ ಮುಚ್ಚಿದ ಚಿನ್ನದ ಗಣಿ ಬಿಟ್ಟಿಯಾಗಿ ಕಾಣುತ್ತದೆ, ಅದಕ್ಕೆ ಪಾಸ್‌ಪೋರ್ಟು ಬೇಡ, ಸ್ವೆಟರೂ ಬೇಡ. ಈ ಮಾತನ್ನು ಬಂಗಾರಪೇಟೆಯಲ್ಲಿ ನನ್ನನ್ನು ಕಂಡವರೆಲ್ಲ ಹೇಳಿಯಾಗಿದೆ. ಓದುಗರು ಇನ್ನೊಮ್ಮೆ ಹೇಳುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ.

ಹೋದದ್ದು ಬಾಣಂತನಕ್ಕೆ. ಅಕ್ಕ ಗೌರಮ್ಮನ ಮಗಳು ಲತಾ ಇಟಲಿಯ ಟ್ರಿಯೆಸ್ಟೆ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸು, ಅವಳಿಗೆ ಹೆಣ್ಣುಮಗು ಹುಟ್ಟಿತ್ತು. ಅಕ್ಕನಿಗೆ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತವೆ, ಮೂರನ್ನೂ ಒಂದೇ ವಾಕ್ಯದಲ್ಲಿ ಆಡುತ್ತಾಳೆ. ಆದರೆ ಇಮಿಗ್ರೇಷನ್ನಿನವರಿಗೆ ಆ ಮೂರರಲ್ಲಿ ಒಂದೂ ಬರುವುದಿಲ್ಲ. ಆದ್ದರಿಂದ ಜೊತೆಗೆ ನಾನು. ನಾನು ನಿವೃತ್ತಿಯಾಗುವ ತನಕ ಬಂಗಾರಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ವರ್ಷಕ್ಕೊಮ್ಮೆ ಲೋಹಗಳ ಪಾಠ ಬರುತ್ತಿತ್ತು. ಚಿನ್ನ, ಪ್ಲಾಟಿನಂ ಯಾರೊಡನೆಯೂ ಸೇರದೆ ನೆಲದಲ್ಲಿ ಒಂಟಿಯಾಗಿ ಸಿಗುತ್ತವೆ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸಿಜನ್ನೊಂದಿಗೋ ಇನ್ನಾವುದರೊಂದಿಗೋ ಬೆರೆತು ಅದಿರಾಗಿ ಕೂತಿರುತ್ತವೆ. ಬೆಳ್ಳಿ, ತಾಮ್ರ, ಪಾದರಸ ಎರಡು ಬಗೆಯಲ್ಲೂ ಸಿಗುತ್ತವೆ. ಹೀಗೆಂದು ಹೇಳಿ ಬರೆಸುತ್ತಿದ್ದೆ. ಒಂಟಿಯಾಗಿರುವ ಲೋಹವನ್ನು ನಾನೂ ಕಂಡವಳಲ್ಲ, ಬರೆದುಕೊಂಡ ಮಕ್ಕಳೂ ಕಂಡವರಲ್ಲ. ಚಿನ್ನದ ಗಣಿಯ ಪಕ್ಕದಲ್ಲಿ ಹುಟ್ಟಿದವರಿಗೂ ಕಲ್ಲಿನೊಳಗಿನ ಚಿನ್ನ ಕಣ್ಣಿಗೆ ಬೀಳುವುದಿಲ್ಲ, ಅದು ಅಷ್ಟು ಸಣ್ಣಗೆ ಚದುರಿಕೊಂಡಿರುತ್ತದೆ.

ಅದನ್ನು ಹಿಡಿದು ತರುವ ಕೆಲಸ ಅಕ್ಕನ ಗಂಡ ನಾರಾಯಣಪ್ಪ ಭಾವನದಾಗಿತ್ತು. ಅವರು ಕ್ಯಾಸಂಬಳ್ಳಿ ಕಡೆಯ ರಾಗಿ ಬೆಳೆಯುವ ಮನೆಯವರು, ಗಣಿ ಮುಚ್ಚುವವರೆಗೂ ಅದರ ಮಿಲ್ಲಿನಲ್ಲಿದ್ದರು. ಕಲ್ಲನ್ನು ಹಿಟ್ಟಾಗಿ ಅರೆದು, ನೀರು ಬೆರೆಸಿ, ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿದರೆ, ಯಾರೊಡನೆಯೂ ಬೆರೆಯದ ಚಿನ್ನ ಪಾದರಸಕ್ಕೆ ಮಾತ್ರ ಸೋತು ಅಂಟಿಕೊಳ್ಳುತ್ತದೆ. ಆ ಬಿಳಿ ಮುದ್ದೆಯನ್ನು ಕೆರೆದು ತೆಗೆದು ಒಪ್ಪಿಸುವುದು ಅವರ ಪಾಳಿಯ ಕೆಲಸ. ಅಲ್ಲಿಂದ ಮುಂದೆ ಅದನ್ನು ಕಾಯಿಸಿ ಹಳದಿ ಮಾಡುವವರು ಬೇರೆ, ಆ ಕೋಣೆಗೆ ಇವರು ಹೋಗುವಂತಿರಲಿಲ್ಲ.

ಪಾದರಸ ಮುಟ್ಟುವ ಕೈಗೆ ಉಂಗುರ ಕೂಡದು, ಅದನ್ನೂ ತಿಂದುಬಿಡುತ್ತದೆ. ಹಾಗಾಗಿ ಮದುವೆಯಲ್ಲಿ ನಮ್ಮಪ್ಪ ಹಾಕಿದ ಉಂಗುರವನ್ನು ಭಾವ ಧಾರೆಯ ದಿನ ಬಿಟ್ಟರೆ ಮತ್ತೆ ತೊಡಲಿಲ್ಲ. ಮಿಲ್ಲಿನವರ ಹೆಂಡತಿಯರದೂ ಒಂದು ಪದ್ಧತಿಯಿತ್ತು. ಗಂಡಂದಿರ ಮಿಲ್ಲಿನ ಬಟ್ಟೆ ಒಗೆಯುವ ದಿನ ತಾಳಿ, ಗುಂಡು, ಓಲೆ, ಮೂಗುಬೊಟ್ಟು ಎಲ್ಲವನ್ನೂ ಬಿಚ್ಚಿ ರಾಗಿಹಿಟ್ಟಿನ ಡಬ್ಬದಲ್ಲಿ ಹೂತಿಡುವುದು. ಕೊರಳು ಬರಿದಾಗಬಾರದೆಂದು ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳುವುದು. ಒಗೆದು ಮುಗಿದ ಮೇಲೆ ಕೈ ತೊಳೆದು ಚಿನ್ನ ಹೊರತೆಗೆಯುವುದು. ಮಿಲ್ಲು ಮುಚ್ಚಿ ಇಷ್ಟು ಕಾಲವಾದರೂ ಅಕ್ಕ ಬಟ್ಟೆ ಒಗೆಯುವಾಗ ಕೊಂಬು ಕಟ್ಟುತ್ತಾಳೆ. ಈಗ ವಾಷಿಂಗ್ ಮೆಷಿನ್ ಒಗೆಯುತ್ತದೆ, ಆದರೂ ಕಟ್ಟುತ್ತಾಳೆ.

ಹೊರಡುವ ದಿನ ಭಾವ ಸ್ಟೇಷನ್ನಿಗೆ ಬಂದು ಎರಡು ಕೆಲಸ ಒಪ್ಪಿಸಿದರು. ಒಂದು, ಆ ಉಂಗುರ. ನಾಮಕರಣದ ದಿನ ಅದನ್ನು ಜೇನಿನಲ್ಲಿ ತೇದು ಮೊಮ್ಮಗಳ ನಾಲಿಗೆಗೆ ಮುಟ್ಟಿಸಿ, ಮಗುವಿಗೇ ಬಿಟ್ಟುಬರಬೇಕು. ಮೈಬಿಟ್ಟು ಎಲ್ಲಿಯೂ ಇಡಕೂಡದೆಂದು ಅಕ್ಕನಿಗೆ ತಾಕೀತಾಯಿತು. ಎರಡನೆಯದು ನನಗೆ. ಮಿಲ್ಲಿಗೆ ಪಾದರಸ ಕಬ್ಬಿಣದ ಕುಪ್ಪಿಗಳಲ್ಲಿ ಹೊರದೇಶದಿಂದ ಬರುತ್ತಿತ್ತಂತೆ.

"ಅದು ನೆಲದಾಗೆ ಅಂಗೇ ನೀರಾಗಿ ಉಟ್ತದಾ, ಇಲ್ಲ ಕಲ್ಲು ಬೇಯ್ಸಿ ತೆಗೀತಾರಾ? ನೋಡ್ಕಂಡ್ ಬಾ ಟೀಚರಮ್ಮ," ಎಂದರು.

ಎರಡೂ ಉಂಟು ಬಾವ, ಪುಸ್ತಕದಲ್ಲೇ ಇದೆ ಎಂದೆ. ಪುಸ್ತಕ ಬರೆದವನು ನೋಡಿದ್ದನೇ ಎಂದು ಕೇಳಿದರು. ಕೇಳುತ್ತಲೇ ಲೋಟದ ಕಾಫಿ ಅಂಗಿಯ ಮೇಲೆ ತುಳುಕಿಸಿಕೊಂಡರು. ಅವರ ಕೈ ನಡುಗುತ್ತದೆ. ಎಷ್ಟೋ ವರ್ಷದಿಂದ ನಡುಗುತ್ತದೆ, ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ.

ಟ್ರಿಯೆಸ್ಟೆ

ಟ್ರಿಯೆಸ್ಟೆಯಲ್ಲಿ ಸಮುದ್ರವಿದೆ, ಗಾಳಿಯಿದೆ, ಕಾಫಿಯಿದೆ. ಕಾಫಿಯನ್ನು ಹೆಬ್ಬೆರಳಿನಷ್ಟು ಬಟ್ಟಲಿಗೆ ಹಾಕಿ ನಿಂತೇ ಕುಡಿದು ಹೊರಡುತ್ತಾರೆ. ಅಕ್ಕ ಅದನ್ನು ಡಿಕಾಕ್ಷನ್ ಎಂದುಕೊಂಡು ಹಾಲು ಬರಲೆಂದು ಬಹಳ ಹೊತ್ತು ಕಾದಳು. ಗಾಳಿ ಬೀಸುವ ದಿನ ಹಿಡಿದು ನಡೆಯಲೆಂದು ಕೆಲವು ಬೀದಿಗಳಲ್ಲಿ ಸರಪಳಿ ಕಟ್ಟಿರುತ್ತಾರಂತೆ. ಬೇತಮಂಗಲದ ಕೆರೆ ಏರಿಯ ಮೇಲೂ ಗಾಳಿ ಬೀಸುತ್ತದೆ, ಆದರೆ ಹಿಡಿದುಕೊಳ್ಳಲು ನಮಗೆ ಯಾರೂ ಏನೂ ಕಟ್ಟಿಸಿಲ್ಲ.

ಮಗುವಿನ ಮೊದಲ ಎಣ್ಣೆನೀರಿನ ದಿನ ಅಕ್ಕ ಊರಿಂದ ತಂದ ಸಾಂಬ್ರಾಣಿ ಹಾಕಿದಳು. ಸ್ವಲ್ಪ ಹೊತ್ತಿಗೆ ಆ ಹೊಗೆಗೆ ಕಟ್ಟಡದ ಬೆಂಕಿ ಎಚ್ಚರಿಕೆಯ ಗಂಟೆಗಳೆಲ್ಲ ಹೊಡೆದುಕೊಂಡವು, ಎಲ್ಲ ಮಹಡಿಯವರೂ ಕೋಟು ಹಾಕಿಕೊಂಡು ಬೀದಿಗಿಳಿದು ಸಾಲಾಗಿ ನಿಂತರು. ಯಾರೂ ಕೂಗಾಡಲಿಲ್ಲ. ಕೆಳಮನೆಯ ಅಜ್ಜಿ ಮಗುವನ್ನು ನೋಡಿ ಕೆನ್ನೆ ಸವರಿ ಹೋದರು. ನಮ್ಮಲ್ಲಾದರೆ ಸಾಂಬ್ರಾಣಿಗೆ ಯಾರೂ ಹೊರಗೆ ಬರುವುದಿಲ್ಲ, ಬಂದವರು ಊಟ ಮಾಡದೆ ಹೋಗುವುದೂ ಇಲ್ಲ.

ಲತಾಳ ಮನೆಯ ಗೋಡೆಯ ಮೇಲಿದ್ದ ನಕಾಶೆಯಲ್ಲಿ ಇದ್ರಿಯಾ ಎಂಬ ಹೆಸರು ನನ್ನ ಕಣ್ಣಿಗೆ ಬಿತ್ತು. ಗಡಿಯಾಚೆ, ಸ್ಲೊವೇನಿಯಾದಲ್ಲಿದೆ. ಪಾದರಸದ ಗಣಿಗಳ ಹೆಸರು ಓದಿದವರಿಗೆ ಅದು ಗೊತ್ತಿರುತ್ತದೆ. ಕಾರಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದೆಂದು ಲತಾಳ ಗಂಡ ಹೇಳಿದ. ಅವನು ಒಳ್ಳೆಯ ಹುಡುಗ, ಇಬ್ಬರು ಅತ್ತೆಯಂದಿರು ಒಂದು ದಿನ ಮನೆಯಿಂದ ಹೊರಗಿರುತ್ತಾರೆಂದರೆ ಎಷ್ಟು ದೂರ ಬೇಕಾದರೂ ಕಾರು ಓಡಿಸುತ್ತಾನೆ.

ಇದ್ರಿಯಾ

ಹೊರಡುವ ಮುಂಚೆ ಅಕ್ಕ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ರಾಗಿ ಹುರಿಹಿಟ್ಟಿನ ಡಬ್ಬದಲ್ಲಿ ಹೂತು, ಕೊರಳಿಗೆ ಅರಿಶಿನದ ಕೊಂಬು ಕಟ್ಟಿದಳು. ನನ್ನ ಓಲೆಯನ್ನೂ ಬಿಚ್ಚಿಸಿದಳು. ಪಾದರಸದ ತವರಿಗೇ ಹೋಗುವಾಗ ಮೈಮೇಲೆ ಗುಲಗಂಜಿ ಚಿನ್ನವೂ ಇರಬಾರದೆಂದು ದಾರಿಯುದ್ದಕ್ಕೂ ಹೇಳಿದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇದ್ರಿಯಾ ಬೆಟ್ಟಗಳ ನಡುವಿನ ತಗ್ಗಿನಲ್ಲಿದೆ. ಊರೆಲ್ಲ ಚೊಕ್ಕಟ. ಹಿಂದೆ ಗಣಿಗೆ ಹೋದವರ ಮನೆಗಳಲ್ಲಿ ಹೆಂಗಸರು ದಿಂಬಿನ ಮೇಲೆ ದಾರ ಹೆಣೆದು ಲೇಸು ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಆಲೂಗಡ್ಡೆ ತುಂಬಿದ ಸಣ್ಣ ಕಡುಬು ಅಲ್ಲಿಯ ಹೆಸರಾದ ತಿಂಡಿ. ಅಕ್ಕ ಒಂದನ್ನು ತಿಂದು, ಉಪ್ಪು ಇದೆ, ಖಾರವನ್ನು ಮರೆತಿದ್ದಾರೆ ಎಂದಳು. ಗಣಿಗೆ ಇಳಿಯುವವರು ಎದುರಾದಾಗ "ಸ್ರೆಚ್ನೊ" ಎನ್ನುತ್ತಾರೆ, ಒಳ್ಳೆಯದಾಗಲಿ ಎಂದು ಅರ್ಥ. ಗಣಿ ನಿಂತರೂ ಆ ಮಾತು ನಿಂತಿಲ್ಲ.

ನಮಗೆ ಗಣಿ ತೋರಿಸಿದವರು ಯಾನೆಜ್ ಎಂಬ ಮುದುಕರು. ಅದಿರನ್ನು ಕಾಯಿಸುವ ಕುಲುಮೆಯಲ್ಲಿ ದುಡಿದು ನಿವೃತ್ತರಾದವರು. ಅವರ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಸರ್ಕಾರಿ ಶಾಲೆಯವು, ಆದ್ದರಿಂದ ಚೆನ್ನಾಗಿ ಹೊಂದಿಕೊಂಡವು. ನಾವು ಚಿನ್ನದ ಗಣಿಯ ಊರಿನವರೆಂದು ಕೇಳಿ ಟೋಪಿ ತೆಗೆದರು. ಅಕ್ಕನ ಕೊರಳಿನ ಕೊಂಬು ಯಾತಕ್ಕೆಂದು ವಿಚಾರಿಸಿದರು. ನಾನು ಹೇಳಿದೆ. ಅವರು ನಗಲಿಲ್ಲ. ಅವರಪ್ಪನೂ ಮದುವೆಯ ಉಂಗುರವನ್ನು ಸಕ್ಕರೆ ಡಬ್ಬದಲ್ಲಿಟ್ಟಿದ್ದರಂತೆ, ಈಸ್ಟರ್ ದಿನ ಮಾತ್ರ ಹೊರಗೆ ಬರುತ್ತಿತ್ತಂತೆ. ಅದನ್ನು ಅಕ್ಕನಿಗೆ ತಿಳಿಸಿದೆ. ಸಕ್ಕರೆಗೆ ಇರುವೆ ಬರುತ್ತದೆ, ರಾಗಿಯೇ ಮೇಲು ಎಂದಳು.

ಸುರಂಗದೊಳಗೆ ಒಂದು ಕಡೆ ಅವರು ದೀಪ ಹಿಡಿದರು. ಕಲ್ಲಿನಲ್ಲಿ ಕುಂಕುಮದಂಥ ಕೆಂಪು ಪಟ್ಟೆಯಿತ್ತು. ಅದು ಗಂಧಕದ ಜೊತೆ ಸೇರಿಕೊಂಡ ಪಾದರಸ. ಕಾಯಿಸಿದರೆ ಗಂಧಕ ಬಿಟ್ಟುಹೋಗಿ ಪಾದರಸ ಆವಿಯಾಗಿ ಏಳುತ್ತದೆ. ಇನ್ನೂ ಸ್ವಲ್ಪ ಮುಂದೆ ಕಪ್ಪು ಕಲ್ಲು. ಅದರ ಮೇಲೆ ಸಾಸಿವೆಯಂಥ ಹನಿಗಳು ಹೊಳೆಯುತ್ತಿದ್ದವು. ಕಾಯಿಸಿದ್ದಲ್ಲ, ತೆಗೆದಿಟ್ಟದ್ದಲ್ಲ, ಕಲ್ಲು ತಾನಾಗಿ ಬೆವರಿದಂತೆ ಹೊರಗೆ ಬಂದ ಪಾದರಸ. ಅಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದದ್ದು ನನ್ನ ಮೂಗಿನ ಮುಂದೆ ನಿಂತಿತ್ತು. ಆಮೇಲೆ ಅಭ್ಯಾಸಬಲದಿಂದ ಅಕ್ಕನ ಕಡೆಗೂ ತಿರುಗದೆ ಕಲ್ಲಿಗೇ ಪೂರ್ತಿ ಪಾಠ ಹೇಳಿದೆ. ಯಾನೆಜ್ ಸಭ್ಯರು, ಕೊನೆಯವರೆಗೂ ತಲೆಯಾಡಿಸಿದರು. ನೋಡಬಹುದು, ಮುಟ್ಟಬಾರದು ಎಂದು ಅವರು ಮೊದಲೇ ಹೇಳಿದ್ದರು, ನಾನೂ ಅಕ್ಕನಿಗೆ ಹೇಳಿದ್ದೆ.

ಹೊರಗೆ ಬಂದಮೇಲೆ ಚಹಾ ಕೊಟ್ಟರು. ಅವರು ಬಟ್ಟಲು ಎತ್ತಿದಾಗ ತಟ್ಟೆಯ ಮೇಲೆ ಅದು ಟಕಟಕ ಸದ್ದು ಮಾಡಿತು. ಅಕ್ಕ ಆ ಕೈಯನ್ನೇ ನೋಡುತ್ತಿದ್ದಳು.

"ಲೇ ಸರೋಜ, ಈಯಪ್ಪನ ಕೈನೂ ನಮ್ಮನೆಯವರ ಕೈನಂಗೇ ನಡುಗ್ತೈತಲ್ಲೇ," ಎಂದಳು.

ಅದನ್ನು ನಾನು ಇಂಗ್ಲಿಷಿಗೆ ಹೇಳಲಿಲ್ಲ. ಹೇಳದಿದ್ದರೂ ಅವರಿಗೆ ತಿಳಿದಂತಿತ್ತು. ಏನಾದರೂ ಬೇಕಾದರೆ ಕೇಳಿ ಎಂದು ಫೋನ್ ನಂಬರನ್ನು ಅಳಿಯನಿಗೆ ಕೊಟ್ಟರು.

ಮತ್ತೆ ಟ್ರಿಯೆಸ್ಟೆ

ಇದ್ರಿಯಾದಿಂದ ಬಂದ ಮಾರನೆಯ ದಿನ, ಅಂದರೆ ನಾಮಕರಣದ ಹಿಂದಿನ ದಿನ, ಅಕ್ಕ ಅಡಿಗೆಮನೆಯಲ್ಲಿ ಹುಣಸೆಹಣ್ಣು ಕಿವುಚುತ್ತಾ ನಿಂತಿದ್ದಳು. ಸಾರಿಗೆ ಇಷ್ಟು ಬೇಡವಲ್ಲ ಎಂದೆ. ಅವಳು ಮುಷ್ಟಿ ಬಿಚ್ಚಿದಳು. ಭಾವನ ಉಂಗುರ ಅರ್ಧ ಹಳದಿ, ಅರ್ಧ ಬೆಳ್ಳಗಿತ್ತು. ತಾಮ್ರದ ಚೊಂಬಿಗೆ ತಿಕ್ಕಿದಂತೆ ಅದಕ್ಕೂ ಹುಣಸೆಹಣ್ಣು ತಿಕ್ಕಿದ್ದಳು. ಬಿಳಿ ಹೋಗಿರಲಿಲ್ಲ.

ನಡೆದದ್ದು ಇಷ್ಟು. ಮೈಬಿಟ್ಟು ಇಡಬೇಡ ಎಂದು ಗಂಡ ಹೇಳಿದ್ದರಿಂದ ಉಂಗುರ ಹೊರಟ ದಿನದಿಂದ ಅವಳ ಸೆರಗಿನ ಗಂಟಿನಲ್ಲಿತ್ತು. ಸೀರೆ ಬದಲಾದಾಗ ಗಂಟೂ ಬದಲಾಗುತ್ತಿತ್ತು. ಇದ್ರಿಯಾದಲ್ಲಿ ನಾನು ಕಲ್ಲಿಗೆ ಪಾಠ ಹೇಳುತ್ತಿದ್ದಾಗ, ಗಂಡನಿಗೆ ತೋರಿಸೋಣ, ಹುಟ್ಟಿದ ಪಾದರಸ ಹೇಗಿರುತ್ತದೆಂದು ಅವರೂ ನೋಡಲಿ ಎಂದು ಅಕ್ಕ ಉಗುರಿನಿಂದ ನಾಲ್ಕಾರು ಹನಿ ಕೆರೆದು ಸೆರಗಿಗೆ ಹಾಕಿಕೊಂಡು ಗಂಟು ಬಿಗಿದಿದ್ದಳು. ಅದೇ ಗಂಟು.

ಓಲೆಯಿಂದ ಹಿಡಿದು ಮೂಗುಬೊಟ್ಟಿನವರೆಗೆ ಬಿಚ್ಚಿಸಿದವಳು ಉಂಗುರವನ್ನು ಹೇಗೆ ಮರೆತೆ ಎಂದು ಕೇಳಿದೆ.

"ಮರೀಲಿಲ್ಲ ಕಣೇ. ಮೈಮ್ಯಾಲೆ ಆಕ್ಕಂಡ್ರೆ ತಾನೆ ಅದು ಒಡವೆ. ಸೆರಗಲ್ಲಿದ್ರೆ ಬರೀ ಗಂಟು," ಎಂದಳು. ಉಂಗುರವನ್ನು ಮತ್ತೆ ತಿಕ್ಕುತ್ತಾ, "ಅವರಿಗೆ ಏನಂತ ಯೋಳ್ಲಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ನನಗೆ ಮೊದಲು ಬಂದದ್ದು ಕೋಪ. ಇನ್ನೊಂದು ರಾತ್ರಿ ಕಳೆದಿದ್ದರೆ ಆ ಉಂಗುರ ಜೇನಿನಲ್ಲಿ ತೇದು ಮಗುವಿನ ನಾಲಿಗೆಗೆ ಹೋಗುತ್ತಿತ್ತು. ಲತಾಳನ್ನು ಕರೆದೆ. ಅವಳು ಮನೆಯಲ್ಲಿ ಮಗಳಾಗಿದ್ದವಳು ಆ ಕ್ಷಣದಿಂದ ನರ್ಸಾದಳು. ಮಗುವನ್ನು ದೂರದ ಕೋಣೆಗೆ ಸಾಗಿಸಿ, ಕಿಟಕಿಗಳನ್ನೆಲ್ಲ ತೆರೆದು, ಕೈಗವಸು ತೊಟ್ಟು, ಸೀರೆಯನ್ನು ಒಂದು ಚೀಲಕ್ಕೂ ಉಂಗುರವನ್ನು ಒಂದು ಶೀಷೆಗೂ ಹಾಕಿ ಮುಚ್ಚಿದಳು. ನಮ್ಮಿಬ್ಬರ ಕೈಯನ್ನೂ ಸೋಪು ಹಾಕಿ ತಾನೇ ತೊಳೆದಳು. ಅದು ಮೈಸೂರು ರೇಷ್ಮೆಯ ಸೀರೆ. ಅಪಾಯದ ಕಸ ಕೊಡುವ ಜಾಗಕ್ಕೆ ಅಳಿಯ ಅದನ್ನು ಒಯ್ದು ಕೊಟ್ಟುಬಂದ. ಅಲ್ಲಿಯವರು ಸೀರೆಯ ಅಂಚನ್ನು ನೋಡಿ ಇದು ಕಸವೇ ಎಂದು ಮತ್ತೆ ಮತ್ತೆ ಕೇಳಿದರಂತೆ.

ಮಾರನೆಯ ದಿನ, ಇನ್ನೂ ಹುರಿಹಿಟ್ಟಿನ ಡಬ್ಬದಲ್ಲೇ ಇದ್ದ ಅಕ್ಕನ ತಾಳಿಯ ಗುಂಡನ್ನು ತೆಗೆದು, ಜೇನಿನಲ್ಲಿ ತೇದು, ಲತಾಳೇ ಮಗುವಿಗೆ ಮುಟ್ಟಿಸಿದಳು. ಪದ್ಧತಿಯ ಪ್ರಕಾರ ಬಚ್ಚಿಟ್ಟ ಚಿನ್ನ ಚೆನ್ನಾಗಿಯೇ ಇತ್ತು. ಭಾವ ಆಂಡರ್ಸನ್‌ಪೇಟೆಯಿಂದ ವಿಡಿಯೋದಲ್ಲಿ ಬಂದು, ಉಂಗುರ ನೆಕ್ಕಿಸಿದಿರಾ ಎಂದು ಕೇಳಿದರು. ಚಿನ್ನ ನೆಕ್ಕಿಸಿದೆವು ಎಂದಳು ಅಕ್ಕ. ಓದಿದ್ದರೆ ಕೋಲಾರದ ಕೋರ್ಟಿನಲ್ಲಿ ಒಳ್ಳೆಯ ಲಾಯರಾಗುತ್ತಿದ್ದಳು. ಮುಖ ನೋಡಿಕೊಂಡೇ ಹೇಳಬೇಕಾದ ಮಾತು, ಫೋನಿನಲ್ಲಿ ಹೇಳುವುದಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಮತ್ತೆ ಇದ್ರಿಯಾ

ಉಂಗುರವನ್ನು ಹಾಗೆಯೇ ಶೀಷೆಯಲ್ಲಿಟ್ಟು ಊರಿಗೆ ತರುವಂತಿರಲಿಲ್ಲ. ವಿಮಾನದಲ್ಲಿ ಪಾದರಸ ಒಯ್ಯಕೂಡದು, ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ವಿಮಾನದ ಮೈಯೆಲ್ಲ ಹೆಚ್ಚುಕಡಿಮೆ ಅಲ್ಯೂಮಿನಿಯಂ. ಇದನ್ನು ಅಕ್ಕನಿಗೆ ವಿವರಿಸಿದೆ. ಅಷ್ಟು ದೊಡ್ಡ ವಿಮಾನವನ್ನು ನಾಲ್ಕು ಹನಿ ತಿನ್ನುತ್ತದೆಯೇ ಎಂದಳು. ಉಂಗುರವನ್ನು ತಿಂದದ್ದೂ ನಾಲ್ಕೇ ಹನಿ ಎಂದೆ.

ಉಂಗುರವನ್ನು ಕಾಯಿಸಿ ಪಾದರಸ ಬಿಡಿಸಬೇಕಿತ್ತು, ಯಾನೆಜ್‌ಗೆ ಫೋನ್ ಮಾಡಿದ್ದು ಅಳಿಯ. ನಾವು ಹೋದಾಗ ಅವರು ಮನೆಯ ಹಿಂದೆ ಸೇಬಿನ ಮರದ ಆಚೆ ಎಲ್ಲವನ್ನೂ ಸಿದ್ಧ ಮಾಡಿಟ್ಟಿದ್ದರು: ಬಾಯಿ ಬಿಗಿದ ಕಬ್ಬಿಣದ ಪುಟ್ಟ ಪಾತ್ರೆ, ಅದರಿಂದ ಇಳಿದು ಬಂದ ಕೊಳವೆ, ಕೊಳವೆಯ ತುದಿಗೆ ತಣ್ಣೀರಿನ ಬೋಗುಣಿ. ಅಕ್ಕ ಹನಿ ಕದ್ದ ವಿಷಯ ಹೇಳಿದೆವು. ಹಿಂದೆಯೂ ಒಂದಿಬ್ಬರು ಹೀಗೆ ಮಾಡಿದ್ದಾರೆ, ಆದರೆ ಉಂಗುರದ ಜೊತೆ ಕಟ್ಟಿಕೊಂಡವರು ಇವರೇ ಮೊದಲು ಎಂದರು. ನಮ್ಮನ್ನು ಗಾಳಿಗೆ ಬೆನ್ನಾಗಿ ದೂರ, ಕೋಳಿಗೂಡಿನ ಹತ್ತಿರ ನಿಲ್ಲಿಸಿ, ಮುಖವಾಡ ತೊಟ್ಟು, ಉಂಗುರವನ್ನು ಪಾತ್ರೆಯೊಳಗಿಟ್ಟು ಬೆಂಕಿ ಹೊತ್ತಿಸಿದರು. ಅಕ್ಕ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅದು ಹತ್ತಿಯ ಸೀರೆ, ಗಂಟಿರಲಿಲ್ಲ.

ಪಾತ್ರೆ ಪೂರ್ತಿ ತಣ್ಣಗಾದಮೇಲೆ ಉಂಗುರ ಹಳದಿಯಾಗಿಯೇ ಬಂತು. ಆದರೆ ಹೊಳಪಿಲ್ಲ, ಒಂದು ಬದಿ ತೆಳ್ಳಗಾಗಿ ಹುಳು ಹಿಡಿದ ಎಲೆಯಂತೆ ಚುಕ್ಕೆಚುಕ್ಕೆ ಸವೆದಿತ್ತು. ಪಾದರಸ ಹೋದರೂ ಚೂರು ಉಳಿದಿರಬಹುದು, ಮಗುವಿಗೆ ಬೇಡ ಎಂದು ಯಾನೆಜ್ ಹೇಳಿದರು, ನಾನೂ ಅದನ್ನೇ ಹೇಳುವವಳಿದ್ದೆ. ಅಂದರೆ ಉಂಗುರ ಊರಿಗೆ ವಾಪಸು. ಅಕ್ಕ ಅವರಿಗೆ ಒಂದು ಪೊಟ್ಟಣ ಹುರಿಹಿಟ್ಟು ಕೊಟ್ಟು, ಹಾಲು ಬೆಲ್ಲ ಹಾಕಿ ಕಲಸಿ ತಿನ್ನಬೇಕೆಂದು ಕನ್ನಡದಲ್ಲೇ ಹೇಳಿದಳು. ಅವರು ನಡುಗುವ ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡರು. ಗೇಟಿನ ಬಳಿ ಅಕ್ಕ "ಸ್ರೆಚ್ನೊ" ಎಂದಳು. ಅದನ್ನು ಯಾವಾಗ ಕಲಿತಳೋ ನನಗೆ ಗೊತ್ತಿಲ್ಲ.

ವಿಮಾನದಲ್ಲಿ

ಉಂಗುರವಿದ್ದ ಶೀಷೆಯನ್ನು ನನ್ನ ಕೈಚೀಲದಲ್ಲಿಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ವಿಮಾನದ ನೆಲವನ್ನು ನೋಡುತ್ತಿದ್ದೆ. ಅಲ್ಯೂಮಿನಿಯಂ ನಮ್ಮ ಹೊಲದ ಕೆಮ್ಮಣ್ಣಿನಲ್ಲೂ ಧಾರಾಳವಾಗಿದೆ, ಆದರೆ ಎಂದೂ ಒಂಟಿಯಾಗಿ ಸಿಗುವುದಿಲ್ಲ. ಮದುವೆಮನೆಗೆ ಬಂದ ನೆಂಟರಂತೆ ಸಿಕ್ಕವರ ಕೈಹಿಡಿದುಕೊಂಡಿರುತ್ತದೆ. ಅದನ್ನು ಬಿಡಿಸಿ ಹಾಳೆ ಮಾಡಿ ಅದರೊಳಗೆ ಇಷ್ಟು ಜನರನ್ನು ಕೂರಿಸಿದ್ದಾರೆ. ಅಕ್ಕ ಮಾತ್ರ ಅದರ ಚಿಂತೆಯಿಲ್ಲದೆ, ಗಂಡನ ಮುಂದೆ ಆಡಬೇಕಾದ ಮಾತನ್ನು ಮೂರು ಭಾಷೆಯಲ್ಲೂ ಬಾಯೊಳಗೇ ಆಡಿ ನೋಡುತ್ತಿದ್ದಳು. ಯಾವುದರಲ್ಲೂ ಸರಿಬರಲಿಲ್ಲವೆಂದು ಕಾಣುತ್ತದೆ. ಕೊಟ್ಟ ಊಟವನ್ನು ಹಾಗೆಯೇ ಹಿಂದಕ್ಕೆ ಕಳಿಸಿದಳು.

ಬಂಗಾರಪೇಟೆ ಸ್ಟೇಷನ್

ಬೆಂಗಳೂರಿನಿಂದ ಬಂದ ಗಾಡಿ ಇಳಿದರೆ ಭಾವ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಕಂಡಕೂಡಲೇ ತಮ್ಮ ಪ್ರಶ್ನೆಯನ್ನೇ ಕೇಳಿದರು. ಎರಡೂ ನಿಜ ಬಾವ, ಕಲ್ಲಿನ ಮೇಲೆ ಹನಿಯಾಗಿ ನಿಂತದ್ದನ್ನು ಕಣ್ಣಾರೆ ಕಂಡೆ ಎಂದೆ. ಅವರು ಬಹಳ ಹೊತ್ತು ತಲೆಯಾಡಿಸಿದರು. ಅಕ್ಕ ಚೀಲ ಕೆಳಗಿಟ್ಟವಳು ನನ್ನ ಕೈಚೀಲದಲ್ಲಿದ್ದ ಶೀಷೆಯಿಂದ ಉಂಗುರ ತೆಗೆದು ಅವರ ಅಂಗೈಗೆ ಹಾಕಿದಳು. ವಿಮಾನದಲ್ಲಿ ಅಭ್ಯಾಸ ಮಾಡಿದ್ದರಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಪಾದರಸ ತಿಂದ್ಬಿಡ್ತು. ನಾನೇ ತಿನ್ನಿಸ್ದೆ," ಎಂದಳು.

ಉಳಿದದ್ದನ್ನು ನಾನು ಹೇಳಿದೆ: ಸೆರಗು, ಗಂಟು, ಹನಿ, ಗುಂಡು, ಸೇಬಿನ ಮರ. ಭಾವ ಉಂಗುರವನ್ನು ತಿರುಗಿಸಿ ತಿರುಗಿಸಿ ಬೆಳಕಿಗೆ ಹಿಡಿದರು. ಬಿಳುಪಾಗಿದ್ದಾಗ ಹೇಗಿತ್ತು ಎಂದು ಕೇಳಿದರು. ಅಳಿಯ ತೆಗೆದಿದ್ದ ಫೋಟೋವನ್ನು ಫೋನಿನಲ್ಲಿ ತೋರಿಸಿದೆ.

"ಇಂಗೇ," ಎಂದರು. "ನಾನು ಚಿನ್ನ ಅಂತ ಕಂಡಿದ್ದೆಲ್ಲ ಇಂಗೇ ಬೆಳ್ಳುಗೆ. ಅಳದಿ ಆಗೋದ್ನ ನಮ್ಗೆ ಯಾರೂ ತೋರಿಸ್ಲಿಲ್ಲ."

ಅಕ್ಕ ತಲೆ ತಗ್ಗಿಸಿಯೇ ನಿಂತಿದ್ದಳು.

"ಪರವಾಯಿಲ್ಲ ಬಿಡಮ್ಮಿ. ಮಿಲ್ಲಲ್ಲಿ ಇದ್ದಷ್ಟು ದಿನ ಇದನ್ನ ಅದ್ರಿಂದ ಬಚ್ಚಿಟ್ಟೆ. ಮಿಲ್ಲು ಮುಚ್ಚಿದ್ರೂ ಬಯ ಓಗ್ಲಿಲ್ಲ. ಈಗ ತಿನ್ನೋದು ತಿಂದಾಯ್ತಲ್ಲ, ಇನ್ನೇನೈತೆ ಬಯ," ಎಂದು ಉಂಗುರವನ್ನು ತೊಡಲು ಹೋದರು.

ಉಂಗುರದ ಬೆರಳಿನ ಗೆಣ್ಣು ದಪ್ಪವಾಗಿತ್ತು, ಇಳಿಯಲಿಲ್ಲ. ಕಿರುಬೆರಳಿಗೆ ತೊಡಲು ನೋಡಿದರೆ ಎರಡು ಕೈಯೂ ನಡುಗಿ, ಉಂಗುರ ಒಂದು ಕಡೆ, ಬೆರಳು ಒಂದು ಕಡೆ. ಆಗ ಅಕ್ಕ, ಅಷ್ಟು ಜನರ ನಡುವೆ, ಪ್ಲಾಟ್‌ಫಾರಮ್ಮಿನ ಮೇಲೆ, ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಚೆನ್ನೈ ಕಡೆಯ ಗಾಡಿ ಬರುತ್ತಿದೆಯೇ ಎಂದು ಅತ್ತ ನೋಡಿದೆ. ಯಾವ ಗಾಡಿಯೂ ಬರುತ್ತಿರಲಿಲ್ಲ, ಕಣ್ಣು ಒರೆಸಿಕೊಳ್ಳುವಷ್ಟು ಹೊತ್ತು ಅತ್ತಲೇ ನೋಡಿದೆ. ತಿರುಗಿದಾಗ ಬಲಗೈಯ ಕಿರುಬೆರಳಿನಲ್ಲಿ ಉಂಗುರವಿತ್ತು.

ಆದರೆ ನಾನು ವಿಜ್ಞಾನದ ಟೀಚರು.

"ಬಾವ, ಎಡಗೈಗೆ ಆಕ್ಕೊಳ್ಳಿ. ಬಲಗೈಲಿ ಉಣ್ತೀರಿ," ಎಂದೆ.

ಮತ್ತೆ ಬಿಚ್ಚಿ, ಮತ್ತೆ ಮಣಿಕಟ್ಟು ಹಿಡಿದು, ಎಡಗೈಗೆ ತೊಡಿಸುವಷ್ಟರಲ್ಲಿ ನಮ್ಮ ಆಟೋದವನು ಬೇರೆಯವರನ್ನು ಹತ್ತಿಸಿಕೊಂಡು ಹೋಗಿದ್ದ. ಮನೆ ಸೇರಿದಾಗ ಮುದ್ದೆ, ಅವರೆಕಾಳಿನ ಸಾರು ಆರಿಹೋಗಿದ್ದವು. ಭಾವ ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮಂಡಿಯ ಮೇಲೆ ಇಟ್ಟುಕೊಂಡು ಊಟ ಮಾಡಿದರು.